ಮೂವತ್ತೊಂದರಲ್ಲಿ ಹಲ್ಲಿಗೆ ಕ್ಲಿಪ್: ಮೂರು ವರ್ಷದ ಮೇಲೆ ನನ್ನ ಲೆಕ್ಕ

ಕ್ಲಿಪ್ ಬಿಚ್ಚಿ ಹದಿನಾಲ್ಕು ತಿಂಗಳಾಯಿತು. ಬಿಚ್ಚಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು. ಕಳೆದ ಒಂದರಲ್ಲಿ ಅರ್ಧ ಡಾಕ್ಟರದ್ದು, ಅರ್ಧ ನನ್ನದು.

ನನ್ನದು ಮೇಲೆ ಉಬ್ಬುಹಲ್ಲು, ಕೆಳಗೆ ಒಂದರ ಮೇಲೊಂದು. ಮೊದಲು ತೋರಿಸಿದ ಕಡೆ "ವೆನೀರ್ ಕೂರಿಸಿಬಿಡೋಣ, ಎರಡೇ ಭೇಟಿ" ಅಂದರು. ಎರಡೇ ಭೇಟಿ ಅಂದರೆ ತೀರ್ಥಹಳ್ಳಿಯವರಿಗೆ ಆಸೆಯಾಗದೇ ಇರುತ್ತದೆಯೇ? ಹಲ್ಲಿನ ಮುಂಭಾಗ ತೆಳ್ಳಗೆ ಉಜ್ಜಿ ಪಿಂಗಾಣಿಯ ಹೊದಿಕೆ ಅಂಟಿಸುತ್ತಾರೆ, ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಹಲ್ಲು ಮಾತ್ರ ಇದ್ದಲ್ಲೇ ಇರುತ್ತದೆ ಅಂತ ಗೊತ್ತಾಗಿದ್ದು ಶಿವಮೊಗ್ಗದಲ್ಲಿ ಇನ್ನೊಬ್ಬರನ್ನು ಕೇಳಿದ ಮೇಲೆ. ಅಲ್ಲೇ ಇನ್ನೊಂದೂ ತಿಳಿಯಿತು. ಬಿಡಿಎಸ್ ಎಲ್ಲ ಹಲ್ಲಿನ ಡಾಕ್ಟರಿಗೂ ಇರುತ್ತದೆ. ಹಲ್ಲು ಸರಿಸುವುದನ್ನೇ ಮತ್ತೆ ಮೂರು ವರ್ಷ ಓದಿದವರು ಆರ್ಥೊಡಾಂಟಿಕ್ಸ್ ಎಂಡಿಎಸ್. ಎಷ್ಟೋ ಕ್ಲಿನಿಕ್ಕಿಗೆ ಅವರು ಗೊತ್ತಾದ ದಿನ ಮಾತ್ರ ಬಂದು ಹೋಗುತ್ತಾರೆ. ಹಾಗಾಗಿ ಬೋರ್ಡು ನೋಡಿ ಒಳಗೆ ಹೋಗಬೇಡಿ, ತಂತಿ ಬಿಗಿ ಮಾಡುವವರು ಯಾರು, ಯಾವತ್ತು ಸಿಗುತ್ತಾರೆ ಅಂತ ಕೇಳಿ.

ಎಕ್ಸ್‌ರೇ, ಅಚ್ಚು ಆಯಿತು. ಜಾಗ ಮಾಡಲು ನಾಲ್ಕು ಹಲ್ಲು ಕಿತ್ತರು. ಕಿತ್ತ ನೋವು ಲೆಕ್ಕಕ್ಕೇ ಬರಲಿಲ್ಲ. ಮೊದಲ ತಂತಿ ಹಾಕಿದ ಮೇಲೆ ನಾಲ್ಕು ದಿನ ಗಂಜಿಯೇ ಗತಿ. ತಂತಿ ಒತ್ತಿದ ಕಡೆ ಮೂಳೆ ಕರಗಬೇಕು, ಹಿಂದೆ ಹೊಸದು ತುಂಬಬೇಕು, ಅವಸರ ಮಾಡಿದರೆ ಬೇರಿಗೇ ಪೆಟ್ಟು ಅಂದರು. ಹದಿನೆಂಟು ತಿಂಗಳು ಅಂದಿದ್ದು ಇಪ್ಪತ್ತಾರಾಯಿತು. ತಿಂಗಳಿಗೊಮ್ಮೆ ಅರವತ್ತು ಕಿಲೋಮೀಟರ್ ಬಸ್ಸು, ಕೂತು ಕಾಯುವುದು, ಒಳಗೆ ಹತ್ತು ನಿಮಿಷ, ಮತ್ತೆ ಬಸ್ಸು. ಆಷಾಢದ ಮಳೆಯಲ್ಲಿ ಹಲಸಿನ ಹಪ್ಪಳ ಕಡಿದು, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ್ದ ಬ್ರಾಕೆಟ್ ಕಿತ್ತುಬಂತು. ಅದಕ್ಕೇ ಎರಡು ಸಲ ಹೆಚ್ಚಿಗೆ ಓಡಾಡಿದೆ. ಎಲೆ-ಅಡಿಕೆಯ ಕವಳವಂತೂ ಪೂರ್ತಿ ಬಿಟ್ಟೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಆದರೆ ನಮ್ಮ ಅಡಿಕೆ ತೋಟದ ಮನೆಯಲ್ಲಿ ಅದನ್ನು ಎತ್ತಿದರೆ ಅವತ್ತು ಊಟವಿಲ್ಲ. "ಕ್ಲಿಪ್ ಕೆಡುತ್ತೆ ಅಪ್ಪಯ್ಯ" ಅಂದೆ, ಯಾರೂ ತಕರಾರು ಮಾಡಲಿಲ್ಲ.

ತಂತಿಯ ಬದಲು ಹಲ್ಲಿನ ಮೇಲೆ ಕೂರಿಸುವ, ಬಣ್ಣವಿಲ್ಲದ ಪ್ಲಾಸ್ಟಿಕ್ಕಿನ ಅಲೈನರ್ ಕೇಳಿದ್ದೆ. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು, ಕಾಫಿಗೂ ತೆಗೆಯಬೇಕು. ನಮ್ಮನೆಯಲ್ಲಿ ಕಾಫಿ ಎಷ್ಟು ಸಲ ಆಗುತ್ತದೆ ಅಂತ ಎಣಿಸಿ, ಸ್ಟೀಲ್ ಕ್ಲಿಪ್ಪಿಗೇ ಒಪ್ಪಿದೆ.

ಇನ್ನು ಆ ಒಂದು ಅಂಕದ ಕಥೆ. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಹೋಗದಂತೆ ಹಿಡಿಯುವ, ತೆಗೆದು ಹಾಕುವ ರಿಟೇನರ್ ಹಾಕಬೇಕು, ರಾತ್ರಿ ಹೊತ್ತು ಹಾಕುವುದು ವರ್ಷಗಟ್ಟಲೆ ಅನ್ನುವುದನ್ನು ಡಾಕ್ಟರು ಕೊನೆಯ ದಿನ ಹೇಳಿದರು; ಅದರ ದುಡ್ಡೂ ಬೇರೆ. ನನ್ನ ತಪ್ಪು ಮದುವೆ ಊಟದ್ದು. ಕೈಚೀಲದಲ್ಲಿ ಡಬ್ಬಿ ಇತ್ತು, ಸೋಮಾರಿತನಕ್ಕೆ ರಿಟೇನರನ್ನು ಎಲೆಯ ತುದಿಯಲ್ಲಿಟ್ಟೆ. ಹೋಳಿಗೆ ಮುಗಿಸಿ ಎಲೆ ಮಡಚಿ ಎದ್ದೆ. ನೆನಪಾಗುವಷ್ಟರಲ್ಲಿ ಎಲೆಗಳು ದನದ ಮುಂದಿದ್ದವು. ಹೊಸದು ಮಾಡಿಸಲು ಮೂರು ವಾರ ತಡಮಾಡಿದೆ, ಕೆಳಗಿನ ಒಂದು ಹಲ್ಲು ಮೊದಲಿನ ಕಡೆಗೇ ಕತ್ತು ತಿರುಗಿಸಿತು. ಬೇರೆಯವರಿಗೆ ಕಾಣುವುದಿಲ್ಲ, ನನ್ನ ನಾಲಿಗೆಗೆ ಗೊತ್ತಾಗುತ್ತದೆ.

ಈಗ ಯಾರ ಮನೆಯ ಮದುವೆಗೆ ಹೊರಟರೂ ಅಮ್ಮ ಬಾಗಿಲಲ್ಲೇ ಕೇಳುತ್ತಾಳೆ: "ಡಬ್ಬಿ ತಗೊಂಡ್ಯನೇ?"