5ನೇ ಗ್ರೇಡ್ ಥಿಯರಿಗೆ ಪೆನ್ಸಿಲ್ಲೋ, ಆ್ಯಪೋ, ಕ್ಲಾಸೋ?

ಎಬಿಆರ್‌ಎಸ್‌ಎಂನಲ್ಲಿ (ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ) ಪಿಯಾನೊ 6ನೇ ಗ್ರೇಡಿಗೆ ಹೋಗಬೇಕಾದರೆ ಹೆಚ್ಚಿನವರು ಮೊದಲು 5ನೇ ಗ್ರೇಡ್ ಥಿಯರಿ, ಅಂದರೆ ಸಂಗೀತ ಶಾಸ್ತ್ರದ ಪರೀಕ್ಷೆ, ಮುಗಿಸುತ್ತಾರೆ. ಟ್ರಿನಿಟಿ ಅನ್ನೋ ಇನ್ನೊಂದು ಮಂಡಳಿಯಲ್ಲಿ ಈ ಕಟ್ಟುಪಾಡಿಲ್ಲ. ಆದರೆ ನಾನು ಆಗಲೇ ಎಬಿಆರ್‌ಎಸ್‌ಎಂ ಹಾದಿ ಹಿಡಿದಾಗಿತ್ತು. ಪರೀಕ್ಷೆ ಕಂಪ್ಯೂಟರಿನಲ್ಲಿ. ಒಂದೂವರೆ ಗಂಟೆ, 75 ಅಂಕ, ಪಾಸಾಗಲು 50.

ಪರೀಕ್ಷೆಯೇ ಪರದೆ ಮೇಲೆ ಅಂದಮೇಲೆ ಆ್ಯಪ್ ಸಾಕಲ್ವಾ ಅಂತ ಅದರಿಂದಲೇ ಶುರು ಮಾಡಿದೆ. ಬಸ್ಸಿನಲ್ಲಿ ಹತ್ತು ನಿಮಿಷ ಸಿಕ್ಕರೂ ಆಯಿತು. ಇಟಾಲಿಯನ್, ಜರ್ಮನ್ ಪದಗಳಿಗೆ ಅದೇ ಬೆಸ್ಟ್. 'ಲಾಂಗ್ಸಾಮ್' ಅಂದರೆ ನಿಧಾನ ಅನ್ನೋದು ಈಗ ನಿದ್ದೆಯಲ್ಲೂ ಬರುತ್ತದೆ. ಆಲ್ಟೊ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತುಗಳಲ್ಲೊಂದು) ಓದುವ ವೇಗವೂ ಅದರಿಂದಲೇ ಬಂತು.

ಕೈಕೊಟ್ಟದ್ದು ಇಂಟರ್ವಲ್ಲುಗಳಲ್ಲಿ, ಅಂದರೆ ಎರಡು ಸ್ವರಗಳ ನಡುವಿನ ಅಂತರದಲ್ಲಿ. ಪಿಯಾನೊ ನುಡಿಸುವವರಿಗೆ ಒಂದು ಕೆಟ್ಟ ಚಾಳಿ: ಕೀಲಿ ಎಣಿಸುವುದು. ಎಫ್‌ನಿಂದ ಬಿ ಆರು ಸೆಮಿಟೋನ್ (ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ). ಎಫ್‌ನಿಂದ ಸಿ ಫ್ಲಾಟ್ (ಸಿಗಿಂತ ಒಂದು ಸೆಮಿಟೋನ್ ಕೆಳಗೆ) ಕೂಡ ಆರೇ. ಬೆರಳು ಬೀಳೋದೂ ಅದೇ ಬಿಳಿ ಕೀಲಿಯ ಮೇಲೆ. ಆದರೆ ಮೊದಲನೆಯದು ಆಗ್ಮೆಂಟೆಡ್ ಫೋರ್ತ್ (ಹಿಗ್ಗಿಸಿದ ನಾಲ್ಕನೆಯದು), ಎರಡನೆಯದು ಡಿಮಿನಿಶ್ಡ್ ಫಿಫ್ತ್ (ಕುಗ್ಗಿಸಿದ ಐದನೆಯದು). ಆ್ಯಪಿನಲ್ಲಿ ಎರಡೂ ಉತ್ತರ ಅಕ್ಕಪಕ್ಕ ಇರುತ್ತಿದ್ದವು. ನಾನು ಸುಮ್ನೆ ಒಂದನ್ನು ಒತ್ತುತ್ತಿದ್ದೆ, ಅರ್ಧ ಸಲ ಸರಿ ಬರುತ್ತಿತ್ತು. ಕಲಿತೆ ಅಂತ ಖುಷಿ ಬೇರೆ!

ಹಾಳೆ, ಪೆನ್ಸಿಲ್ ಹಿಡಿದಾಗ ಬಣ್ಣ ಬಯಲಾಯಿತು. ಐದು ಗೆರೆ ಎಳೆದು ಎಫ್ ಬರೆದು, ಎಫ್-ಜಿ-ಎ-ಬಿ ಅಂತ ಅಕ್ಷರ ಎಣಿಸಬೇಕು. ನಾಲ್ಕಾದರೆ ಫೋರ್ತ್. ದೊಡ್ಡದೋ ಚಿಕ್ಕದೋ ಆಮೇಲಿನ ಮಾತು. ಟ್ರಾನ್ಸ್‌ಪೋಸಿಂಗ್ (ಸ್ವರಗಳನ್ನು ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಸರಿಸಿ ಬರೆಯುವುದು) ಅಂತೂ ಬರೆಯದೆ ತಲೆಗೆ ಹತ್ತಲೇ ಇಲ್ಲ. ಬಿ ಫ್ಲಾಟ್ ಕ್ಲಾರಿನೆಟ್‌ನವರು ಸಿ ನೋಡಿ ಊದಿದರೆ ಕೇಳಿಸೋದು ಬಿ ಫ್ಲಾಟ್. ಹಾಗಾಗಿ ಅವರಿಗೆ ಬರೆಯುವಾಗ ಒಂದು ಮೇಜರ್ ಸೆಕೆಂಡ್ (ಎರಡು ಸೆಮಿಟೋನ್) ಮೇಲಕ್ಕೆ ಬರೆಯಬೇಕು. ಎರಡು ಪುಟ ರಬ್ಬರ್ ಹಾಕಿ ಹರಿದ ಮೇಲೆ ದಿಕ್ಕು ತಪ್ಪುವುದು ನಿಂತಿತು.

ಬರೆಯುವಾಗ ಇನ್ನೊಂದು ಲಾಭ ಸಿಕ್ಕಿತು. ಚಿಕ್ಕಂದಿನ ಕರ್ನಾಟಕ ಸಂಗೀತ ನೆರವಿಗೆ ಬಂತು. ಮೇಜರ್ ಸ್ಕೇಲ್ ನಮ್ಮ ಶಂಕರಾಭರಣ, ಹಾರ್ಮೋನಿಕ್ ಮೈನರ್ ಕೀರವಾಣಿ. ಮೆಲೋಡಿಕ್ ಮೈನರ್ ಹತ್ತುವಾಗ ಗೌರಿಮನೋಹರಿ, ಇಳಿಯುವಾಗ ನಠಭೈರವಿ. ಬರೆದದ್ದನ್ನು ಗುನುಗಿದರೆ ಬಿಟ್ಟುಹೋದ ಶಾರ್ಪ್ ತಾನೇ ಸಿಕ್ಕಿಬೀಳುತ್ತಿತ್ತು. ಗಮಕ ಮಾತ್ರ ಹಾಕಬಾರದು!

ವಾರಾಂತ್ಯದ ಗುಂಪು ಕ್ಲಾಸಿಗೂ ಒಂದು ತಿಂಗಳು ಹೋದೆ. ಹದಿನೈದು ಜನ, ಮುಕ್ಕಾಲು ಪಾಲು ಮಕ್ಕಳು. ನನಗೆ ಬರುವ ಟೈಮ್ ಸಿಗ್ನೇಚರನ್ನೇ (ತಾಳದ ಲೆಕ್ಕ ಹೇಳುವ ಗುರುತು) ಮೂರು ವಾರ ಅರೆದರು. ದುಡ್ಡು ದಂಡ. ಅದಕ್ಕಿಂತ ನನ್ನ ಪಿಯಾನೊ ಟೀಚರ್ ಪಾಠದ ಕೊನೆಗೆ ಕೊಡುತ್ತಿದ್ದ ಹತ್ತು ನಿಮಿಷವೇ ಜಾಸ್ತಿ ಉಪಯೋಗಕ್ಕೆ ಬಂತು. ನಾನು ನುಡಿಸುತ್ತಿದ್ದ ತುಣುಕಿನಲ್ಲೇ ಬೆರಳಿಟ್ಟು "ಇಲ್ಲಿ ಯಾವ ಕೇಡೆನ್ಸ್?" (ಸಾಲನ್ನು ಮುಗಿಸುವ ಸ್ವರಮೇಳಗಳ ಜೋಡಿ) ಅಂತ ಕೇಳುತ್ತಿದ್ದರು.

ಮತ್ತೆ ಓದಬೇಕಾಗಿ ಬಂದರೆ ಮೊದಲ ಎರಡು ತಿಂಗಳು ಪೆನ್ಸಿಲ್ ಮಾತ್ರ. ಪದಗಳಿಗೆ ಆ್ಯಪ್. ಮಾದರಿ ಪತ್ರಿಕೆಗಳನ್ನು ಕೊನೆಯ ಮೂರು ವಾರ ಪರದೆ ಮೇಲೆ ಮಾಡುತ್ತೇನೆ, ಪಕ್ಕದಲ್ಲೊಂದು ಖಾಲಿ ಹಾಳೆ ಇಟ್ಟುಕೊಂಡು.