ಅಸರ್ ಓದಿನ ಹಾಳೆ: ಎರಡು ವರ್ಷ ಬಳಸಿದ ಮೇಲೆ

ಅಸರ್ ಎಂದರೆ ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ ಮಕ್ಕಳ ಕಲಿಕೆ ಅಳೆಯಲು ನಡೆಸುವ ಸಮೀಕ್ಷೆ. ಅಕ್ಷರ, ಪದ, ಪ್ಯಾರಾ, ಕತೆ ಇವುಗಳಲ್ಲಿ ಮಗು ಎಲ್ಲಿಯವರೆಗೆ ಓದುತ್ತದೆ ಎಂದು ನೋಡುವ ಅದರ ಈ ಹಾಳೆಗೆ ರೊಕ್ಕ ಇಲ್ಲ, ಝೆರಾಕ್ಸು, ಲ್ಯಾಮಿನೇಷನ್ ಖರ್ಚಷ್ಟೇ. ಲ್ಯಾಮಿನೇಷನ್ ಮಾತ್ರ ತಪ್ಪಿಸಬೇಡಿ. ಬಿಸಿಯೂಟ ಮುಗಿಸಿ ಬಂದ ಬೆರಳು ತಾಗಿದರೆ ‘ಮ’ ಹೋಗಿ ‘ವ’ ಆಗಿರುತ್ತದೆ.

ಒಂದು ಸಲಕ್ಕೆ ಒಂದೇ ಮಗು, ಅದೂ ಉಳಿದವರ ಕಿವಿಗೆ ಬೀಳದಷ್ಟು ದೂರದಲ್ಲಿ. ಮೊದಲು ಕೊಡಬೇಕಾದದ್ದು ಪ್ಯಾರಾ, ಅಕ್ಷರವಲ್ಲ. ಮೂರು ತಪ್ಪಿನವರೆಗೆ ನಡೆಯುತ್ತದೆ, ಆದರೆ ವಾಕ್ಯ ವಾಕ್ಯದಂತೆ ಕೇಳಬೇಕು. ದಾಟಿದರೆ ಕತೆ, ತಡವರಿಸಿದರೆ ಪದ, ಅಲ್ಲೂ ಆಗದಿದ್ದರೆ ಅಕ್ಷರ. ಪದವಾಗಲಿ ಅಕ್ಷರವಾಗಲಿ, ಐದಕ್ಕೆ ನಾಲ್ಕು ಬಂದರೆ ಸಾಕು. ಆ ಐದನ್ನು ಮಗುವೇ ಆರಿಸುತ್ತದೆ, ಇದೇ ಹಾಳೆಯ ಸೊಗಸು. ಬೆರಳು ಸುತ್ತಾಡಿ ತನ್ನ ಹೆಸರಿನ ಅಕ್ಷರದ ಮೇಲೆ ಬಂದು ನಿಲ್ಲುತ್ತದೆ, ಅಂಜಿಕೆ ಅಲ್ಲೇ ಅರ್ಧ ಹೋಗುತ್ತದೆ.

ಕಲಿಸಲು ಮಟ್ಟದ ಪ್ರಕಾರ ಗುಂಪು ಮಾಡಲು ಕೂತಾಗ ಕೈಕೊಡುವುದೂ ಇದೇ ಸೊಗಸು. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ಮಾತ್ರ ಬರುವ ಮಗು ಬರುವಷ್ಟನ್ನೇ ಆರಿಸಿ ‘ಅಕ್ಷರ’ ಮಟ್ಟಕ್ಕೆ ಬರುತ್ತದೆ. ‘ಸರ’, ‘ಬಳಪ’ ಸರಾಗ ಓದಿ ‘ಕೋಳಿ’ಗೆ ನಿಲ್ಲುವ ಮಗುವೂ ಅಲ್ಲೇ ಸಿಗುತ್ತದೆ. 2005ರಿಂದ ಮನೆಮನೆ ಸಮೀಕ್ಷೆಗೆ ಬಳಸುವ ಹಾಳೆ ಇದು. ಎಣಿಸಲು ಇಷ್ಟು ಸಾಕು, ಕಲಿಸಲು ಸಾಲದು. ಅಕ್ಷರ ಮುಗಿದ ಕೂಡಲೇ ಪದ, ಕಾಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ಮೆಟ್ಟಿಲೇ ಇಲ್ಲ. ಕನ್ನಡದ ಮಗು ಎಡವುವುದು ಅಲ್ಲೇ ಅಲ್ಲವೇ?

ಹಾಳೆಯ ಹಿಂದೆ ಒಂದು ಪಟ್ಟಿ ಅಂಟಿಸಿ: ಚಿಹ್ನೆಯಿಲ್ಲದ ಐದು ಪದ, ಕಾಗುಣಿತದ ಐದು (ಕೋಳಿ, ಮೀನು, ಗೂಡು…), ಒತ್ತಿನ ಐದು. ಇಲ್ಲಿ ಆಯ್ಕೆ ಬೇಡ, ಐದನ್ನೂ ಓದಿಸಿ. ಒತ್ತಿನಲ್ಲಿ ‘ಅಕ್ಕ’ ದಾಟಿದವರು ‘ರಸ್ತೆ’ಯಲ್ಲಿ ಬೀಳುತ್ತಾರೆ. ಎತ್ವ ಕೂರುವುದು ‘ಸ’ದ ತಲೆಯ ಮೇಲೆ, ಉಚ್ಚಾರವಾಗುವುದು ಕೆಳಗಿನ ‘ತ’ದ ಜೊತೆ. ಹಾಗಾಗಿ ‘ರಸೆತ’ ಎಂದು ಓದುತ್ತಾರೆ. ಇದನ್ನು ಅಜಾಗರೂಕತೆ ಅನ್ನಬೇಡಿ, ಕಣ್ಣಿಗೆ ಕಂಡದ್ದನ್ನೇ ಓದಿದ್ದಾರೆ.

ಕಾಗುಣಿತದ ಗುಂಪಿಗೆ ಆರು ಮಕ್ಕಳಿಗಿಂತ ಹೆಚ್ಚು ಬೇಡ, ದಿನಕ್ಕೆ ಒಂದೇ ಜೋಡಿ: ಕಿ-ಕೀ, ಮಿ-ಮೀ, ಸಿ-ಸೀ. ಇಡೀ ಬಳ್ಳಿ ಹೇಳಿಸಿದರೆ ರಾಗದಲ್ಲಿ ಒಪ್ಪಿಸುತ್ತಾರೆ, ನಡುವಿನ ‘ಕೇ’ ತೋರಿಸಿದರೆ ಮತ್ತೆ ‘ಕ’ದಿಂದ ಶುರು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಇನ್ನೊಂದು ತಕರಾರು ಬರುತ್ತದೆ. ಮಗು ‘ಹಾಲು’ ನೋಡಿ ‘ಹಾಲ’ ಅಂದರೆ, ‘ಹೋಗುತ್ತಾನೆ’ಗೆ ‘ಹೋಗತಾನ’ ಅಂದರೆ ತಪ್ಪು ಹಾಕಬೇಡಿ, ಅದು ಅರ್ಥ ಹಿಡಿದು ಮನೆಮಾತಿನಲ್ಲಿ ಹೇಳಿದ್ದು. ಅನುಮಾನವಿದ್ದರೆ ‘ಗುಡಿ’ ತೋರಿಸಿ, ಉತ್ವ ಗೊತ್ತೋ ಇಲ್ಲವೋ ತಿಳಿಯುತ್ತದೆ. ‘ಹಾಲು’ ನೋಡಿ ‘ಹಾವು’ ಅಂದರೆ ಮಾತ್ರ ಅದು ತಪ್ಪು.

ಒಂದೇ ಪ್ಯಾರಾ ಮತ್ತೆ ಮತ್ತೆ ಕೊಟ್ಟರೆ ಬಾಯಿಪಾಠವಾಗುತ್ತದೆ, ಮಾದರಿ ಬದಲಿಸುತ್ತಿರಿ. ಮಟ್ಟವನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಅವ್ವ-ಅಪ್ಪನ ಜೊತೆ ಕಬ್ಬು ಕಡಿಯಲು ಹೋದ ಮಕ್ಕಳು ವಾಪಸು ಬಂದಾಗ ಹಳೆಯ ಗುರುತು ಅಳಿಸಿ, ಪ್ಯಾರಾದಿಂದಲೇ ಮತ್ತೆ ಓದಿಸಬೇಕು.