ಒಂದೇ ರೌಟರ್, ಮೂರು ಫರ್ಮ್‌ವೇರ್: ವೇಗ ಸೋರುವುದೆಲ್ಲಿ?

ಮೈಸೂರಿನ ನಮ್ಮ ಮನೆಯಲ್ಲಿ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ರೌಟರ್ ಹಳೆಯದು: ಕ್ವಾಲ್ಕಾಮ್ ಕ್ಯೂಸಿಎ9558 ಚಿಪ್, 720 ಮೆಗಾಹರ್ಟ್ಸ್‌ನ ಒಂದೇ ಕೋರ್, 128 ಎಂಬಿ ರ‍್ಯಾಮ್. ತಯಾರಕರಿಂದ ಭದ್ರತಾ ಅಪ್‌ಡೇಟ್‌ಗಳು ಬರುವುದು ನಿಂತ ಮೇಲೆ, ಕೆಲಸ ಮಾಡುತ್ತಿರುವ ಸಾಧನವನ್ನು ಎಸೆಯಲು ಮನಸ್ಸಾಗದೆ, ಡಿಡಿ-ಡಬ್ಲ್ಯೂಆರ್‌ಟಿ ಮತ್ತು ಓಪನ್‌ಡಬ್ಲ್ಯೂಆರ್‌ಟಿ ಎಂಬ ಪರ್ಯಾಯ ಫರ್ಮ್‌ವೇರ್‌ಗಳನ್ನು, ಅಂದರೆ ರೌಟರನ್ನು ನಡೆಸುವ ತಂತ್ರಾಂಶಗಳನ್ನು, ಒಂದಾದ ಮೇಲೊಂದರಂತೆ ಎರಡೆರಡು ವಾರ ಬಳಸಿ, ಮೂಲ ಫರ್ಮ್‌ವೇರಿನೊಂದಿಗೆ ಹೋಲಿಸಿ ನೋಡಿದೆ. ಎರಡರಲ್ಲೂ ಮೊದಲ ದಿನ ವೇಗ ಕುಸಿಯಿತು, ಆದರೆ ಎರಡರ ಕಾರಣಗಳೂ ಬೇರೆ ಬೇರೆಯಾಗಿದ್ದವು.

ಕಾರಣ ಹುಡುಕುವ ಮೊದಲು ತಂತಿಯ ವೇಗವನ್ನೂ ವೈಫೈ ವೇಗವನ್ನೂ ಬೇರೆಬೇರೆಯಾಗಿ ಅಳೆಯಲೇಬೇಕು. ಜಾಲದ ವೇಗ ಅಳೆಯುವ ಐಪರ್ಫ್3 ತಂತ್ರಾಂಶವನ್ನು ರೌಟರ್‌ ಒಳಗೇ ಓಡಿಸಿದರೆ ಅಳತೆಯ ಕೆಲಸವೇ ಆ ಪುಟ್ಟ ಪ್ರೊಸೆಸರನ್ನು ದಣಿಸುವುದರಿಂದ, ಒಂದು ಕಂಪ್ಯೂಟರನ್ನು ತಂತಿಯಲ್ಲಿ ಜೋಡಿಸಿ, ಇನ್ನೊಂದನ್ನು ವೈಫೈಯಲ್ಲಿಟ್ಟು, ಅವೆರಡರ ನಡುವೆ ಅಳೆಯುವುದು ಸರಿಯಾದ ಕ್ರಮ.

ತಂತಿಯಲ್ಲಿ ಮೂಲ ಫರ್ಮ್‌ವೇರ್ 195 ಎಂಬಿಪಿಎಸ್ ಕೊಡುತ್ತಿತ್ತು. ಅದರಲ್ಲಿ ಮನೆಯ ಸಾಧನಗಳ ಒಳವಿಳಾಸ ಮತ್ತು ಅಂತರ್ಜಾಲದ ಹೊರವಿಳಾಸಗಳ ನಡುವಿನ ಬದಲಾವಣೆಯ ಕೆಲಸವನ್ನು, ಅಂದರೆ ನ್ಯಾಟ್ ಅನ್ನು, ಚಿಪ್‌ನೊಳಗಿನ ಪ್ರತ್ಯೇಕ ಯಂತ್ರಾಂಶವೇ ಮಾಡುವುದರಿಂದ ಪ್ರೊಸೆಸರ್‌ಗೆ ಹೆಚ್ಚು ಹೊರೆಯಿಲ್ಲ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಈ ಚಿಪ್‌ಗೆ ಆ ಸೌಲಭ್ಯವಿಲ್ಲ. ದತ್ತಾಂಶದ ಪ್ರತಿ ತುಣುಕೂ, ಅಂದರೆ ಪ್ಯಾಕೆಟ್ಟೂ, ತಂತ್ರಾಂಶದ ತಿರುಳಾದ ಲಿನಕ್ಸ್ ಕರ್ನಲ್‌ನ ಮೂಲಕವೇ ಹಾದುಹೋಗಬೇಕು, ಜೊತೆಗೆ ಸೇವಾದಾರರ ಜಾಲಕ್ಕೆ ಲಾಗಿನ್ ಆಗಲು ನಮ್ಮ ಸಂಪರ್ಕ ಬಳಸುವ ಪಿಪಿಪಿಒಇ ವಿಧಾನದ ಹೊದಿಕೆಯನ್ನು ಬಿಚ್ಚುವ, ಕಟ್ಟುವ ಕೆಲಸವೂ ಸೇರುತ್ತದೆ. ವೇಗ 170ಕ್ಕೆ ನಿಂತಾಗ ಕಂಪ್ಯೂಟರಿನಿಂದಲೇ ರೌಟರಿಗೆ ಆದೇಶ ಕೊಡಲು ಬಿಡುವ ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು, ಪ್ರೊಸೆಸರಿನ ಹೊರೆ ತೋರಿಸುವ ಟಾಪ್ ಆದೇಶ ಕೊಟ್ಟೆ. ಪ್ಯಾಕೆಟ್‌ಗಳ ನಿರ್ವಹಣೆಗೆ ಹೋಗುವ ಸಮಯವನ್ನು ತೋರಿಸುವ ಸಾಫ್ಟ್‌ಐಆರ್‌ಕ್ಯೂ ಅಂಕಣ ಬಹುತೇಕ ನೂರಕ್ಕೆ ನೂರು ತುಂಬಿತ್ತು. ಫೈರ್‌ವಾಲ್ ಪುಟದಲ್ಲಿ, 2018ರ 18.06 ಆವೃತ್ತಿಯಿಂದ ಲಭ್ಯವಿರುವ ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಬೇಗ ದಾಟಿಸುವ ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ ಆಯ್ಕೆಯನ್ನು ಸಕ್ರಿಯಗೊಳಿಸಿದೊಡನೆ 195 ಮರಳಿತು. ಡಿಡಿ-ಡಬ್ಲ್ಯೂಆರ್‌ಟಿಯಲ್ಲಿ ಇದೇ ಬಗೆಯ ಕೆಲಸ ಮಾಡುವುದು ಶಾರ್ಟ್‌ಕಟ್ ಫಾರ್ವರ್ಡಿಂಗ್ ಎಂಜಿನ್. ಅದನ್ನು ಆನ್ ಮಾಡಿದಾಗ ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ವೇಗ ಬಂತು.

ವೈಫೈಯ ಕಥೆ ಬೇರೆ. ಮೂಲ ಫರ್ಮ್‌ವೇರಿನಲ್ಲಿ ಪಕ್ಕದ ಕೋಣೆಯ ಲ್ಯಾಪ್‌ಟಾಪ್‌ಗೆ 5 ಗಿಗಾಹರ್ಟ್ಸ್‌ನಲ್ಲಿ 180 ಬರುತ್ತಿದ್ದರೆ, ಡಿಡಿ-ಡಬ್ಲ್ಯೂಆರ್‌ಟಿಯಲ್ಲಿ 22 ಮಾತ್ರ. ಸಂಪರ್ಕದ ದರ 54 ಎಂದು ತೋರಿಸುತ್ತಿದ್ದುದೇ ಸುಳಿವು. ಭದ್ರತಾ ಪುಟದಲ್ಲಿ ನಾನು ಟಿಕೆಐಪಿ ಆರಿಸಿದ್ದೆ. ಆ ಹಳೆಯ ಗೂಢಲಿಪಿ ಇದ್ದರೆ, ಅಥವಾ ವೈಫೈ ಸಂಚಾರಕ್ಕೆ ಆದ್ಯತೆ ನಿಗದಿಪಡಿಸುವ ಡಬ್ಲ್ಯೂಎಂಎಂ ಆಫ್ ಆಗಿದ್ದರೆ, ವೈಫೈಯ ಹೊಸ ಮಾನಕಗಳಾದ 802.11ಎನ್ ಮತ್ತು ಎಸಿ ದರಗಳನ್ನು ಬಳಸಲು ಅವಕಾಶವಿಲ್ಲದೆ ಸಂಪರ್ಕವು ಹಳೆಯ 54ಕ್ಕೇ ಇಳಿಯುತ್ತದೆ. ಹೊಸ ಗೂಢಲಿಪಿಯಾದ ಎಇಎಸ್‌ಗೆ ಬದಲಿಸಿದ ಮೇಲೆ ಎಲ್ಲವೂ ಸರಿಹೋಯಿತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ವೈಫೈ ಮೊದಲಿಗೆ ಆಫ್ ಆಗಿಯೇ ಇರುತ್ತದೆ. ದೇಶದ ಸಂಕೇತವನ್ನು ಭಾರತಕ್ಕೆ ಹೊಂದಿಸದೆ ಆನ್ ಮಾಡಿದರೆ ಪ್ರಸಾರದ ಶಕ್ತಿಯೂ ಚಾನೆಲ್‌ಗಳೂ ಮಿತಗೊಳ್ಳುತ್ತವೆ. ರೇಡಾರ್‌ಗಳೂ ಬಳಸುವ 52ರಿಂದ 64ರವರೆಗಿನ ಚಾನೆಲ್ ಆರಿಸಿದವರು, ರೌಟರ್ ಕನಿಷ್ಠ 60 ಸೆಕೆಂಡ್ ರೇಡಾರ್ ಸಂಕೇತಕ್ಕೆ ಕಿವಿಗೊಟ್ಟ ನಂತರವೇ ಪ್ರಸಾರ ಆರಂಭಿಸುತ್ತದೆ ಎಂಬುದನ್ನು ತಿಳಿದಿರಬೇಕು. ಆ ಒಂದು ನಿಮಿಷ ಕಾಯದೆ ಅನುಸ್ಥಾಪನೆ ಕೆಟ್ಟಿತೆಂದು ಮತ್ತೆ ರೀಸೆಟ್ ಮಾಡುವುದು ವ್ಯರ್ಥ ಶ್ರಮ.

ಇಷ್ಟಾದ ಮೇಲೆ ವೇಗದಲ್ಲಿ ಮೂರೂ ಸರಿಸುಮಾರು ಸಮ. ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಬೇರೊಂದು ಅಳತೆ. ಮೊಬೈಲಿನ ಫೋಟೋಗಳು ಅಪ್‌ಲೋಡ್ ಆಗುತ್ತಿರುವಾಗ ಮಗಳ ಆನ್‌ಲೈನ್ ಪಾಠದ ಧ್ವನಿ ತುಂಡುತುಂಡಾಗುತ್ತಿತ್ತು. ಮೂಲ ಫರ್ಮ್‌ವೇರಿನಲ್ಲಿ ಸಾಮಾನ್ಯವಾಗಿ 9 ಮಿಲಿಸೆಕೆಂಡ್ ಇರುವ ಪಿಂಗ್, ಅಂದರೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, ಆ ಹೊತ್ತಿನಲ್ಲಿ 240 ದಾಟುತ್ತಿತ್ತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಪ್ಯಾಕೆಟ್‌ಗಳ ಸರದಿಯನ್ನು ಜಾಣತನದಿಂದ ನಿಭಾಯಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ ಕೇಕ್ ಎಂಬ ಸರದಿ ನಿರ್ವಹಣಾ ವಿಧಾನವನ್ನು ಆರಿಸಿದಾಗ, ಅದೇ ಅಪ್‌ಲೋಡಿನ ನಡುವೆಯೂ ಪಿಂಗ್ 20ರ ಆಸುಪಾಸಿನಲ್ಲಿ ನಿಂತಿತು. ಇದಕ್ಕೆ ಬೆಲೆ ತೆರಲೇಬೇಕು: ಎಸ್‌ಕ್ಯೂಎಂ ಜೊತೆಗೆ ಫ್ಲೋ ಆಫ್‌ಲೋಡಿಂಗ್ ಹೊಂದುವುದಿಲ್ಲವಾದ್ದರಿಂದ ಅದನ್ನು ಆಫ್ ಮಾಡಬೇಕಾಯಿತು, ಮತ್ತು ಈ ಪ್ರೊಸೆಸರ್ ಕೇಕ್‌ನ ಲೆಕ್ಕಾಚಾರವನ್ನು 140 ಎಂಬಿಪಿಎಸ್‌ವರೆಗೆ ಮಾತ್ರ ತಾಳಿಕೊಂಡಿತು. ಹಣ ತೆತ್ತ 200ರಲ್ಲಿ 60 ಬಿಟ್ಟುಕೊಡುವುದು ಸುಲಭದ ನಿರ್ಧಾರವಲ್ಲ. ಆದರೆ ನಮ್ಮ ಮನೆಯಲ್ಲಿ 140 ಸಾಲದೆ ಹೋದ ಸಂದರ್ಭ ಇದುವರೆಗೆ ಬಂದಿಲ್ಲ, ಧ್ವನಿ ತುಂಡಾಗುವುದು ಮಾತ್ರ ದಿನವೂ ಇತ್ತು.

ಡಿಡಿ-ಡಬ್ಲ್ಯೂಆರ್‌ಟಿಯನ್ನು ಬಿಟ್ಟದ್ದು ವೇಗದ ಕಾರಣಕ್ಕಲ್ಲ. ಅದರ ಕೊನೆಯ ಸ್ಥಿರ ಆವೃತ್ತಿ 2008ರದು. ಅನಂತರದ್ದೆಲ್ಲ ಸಂಖ್ಯೆ ಹೊತ್ತ ಬೀಟಾ ಬಿಲ್ಡ್‌ಗಳು, ತನ್ನ ರೌಟರಿಗೆ ಯಾವುದು ಒಗ್ಗುತ್ತದೆಂದು ಬಳಕೆದಾರನೇ ಹುಡುಕಿಕೊಳ್ಳಬೇಕು. ಸೆಟ್ಟಿಂಗ್‌ಗಳೆಲ್ಲ ಮೊದಲೇ ಪುಟಗಳಲ್ಲಿ ಸಿದ್ಧವಿರುವುದು ಅದರ ನಿಜವಾದ ಅನುಕೂಲ, ಪ್ಯಾಕೇಜ್‌ಗಳ ಗೊಡವೆ ಬೇಡವೆನ್ನುವವರಿಗೆ ಅದನ್ನೇ ಹೇಳುತ್ತೇನೆ. ಸಂಪರ್ಕ 300 ಎಂಬಿಪಿಎಸ್ ಅಥವಾ ಹೆಚ್ಚಿನದಾಗಿದ್ದು ಎಸ್‌ಕ್ಯೂಎಂ ಕೂಡ ಬೇಕೆಂದರೆ, ಫರ್ಮ್‌ವೇರ್ ಬದಲಿಸುತ್ತ ಕೂರದೆ, ಹೆಚ್ಚು ಕೋರ್‌ಗಳ ಎಆರ್‌ಎಂ ಪ್ರೊಸೆಸರ್ ಇರುವ ರೌಟರನ್ನೇ ಕೊಳ್ಳಬೇಕು.